ವಲಯದ ಬಲವೂ ಪಂದ್ಯದ ಫಲವೂ

2022ನೆಯ ಇಸವಿಯ ಆಗಸ್ಟ್ ತಿಂಗಳ ಕೊನೆಯಲ್ಲಿ ಕಲಬುರಗಿಯ ಹೆಸರನ್ನು ಹೊತ್ತ ಕ್ರಿಕೆಟ್ ತಂಡವೊಂದು ಬೆಂಗಳೂರಿನಲ್ಲಿ ಪ್ರಶಸ್ತಿಯನ್ನು ಗೆದ್ದುಕೊಂಡಿತು. ಮಹಾರಾಜ ಟ್ರೋಫಿ ಎಂಬ ಪಂದ್ಯಾವಳಿಯ ಮೊದಲ ವರ್ಷವದು. ಅದರಲ್ಲಿ ಆರು ತಂಡಗಳಿದ್ದವು. ಪ್ರತಿಯೊಂದು ತಂಡವೂ ಉಳಿದ ಐದರೊಡನೆ ಎರಡೆರಡು ಬಾರಿ ಆಡಿದ ಮೇಲೆ, ಮುಂದೆ ನಿಂತ ನಾಲ್ಕು ತಂಡಗಳು ಮುಂದಿನ ಹಂತಕ್ಕೆ ಏರಿದವು. ಮೊದಲ ಎರಡು ಸ್ಥಾನಗಳವರ ನಡುವಣ ಪಂದ್ಯದಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ತಂಡವು ಗುಲ್ಬರ್ಗಾ ಮಿಸ್ಟಿಕ್ಸ್ ತಂಡವನ್ನು ಸೋಲಿಸಿ ನೇರವಾಗಿ ಅಂತಿಮ ಪಂದ್ಯವನ್ನು ಸೇರಿತು. ಸೋತ ತಂಡವು ಮತ್ತೊಂದು ಪಂದ್ಯವನ್ನು ಗೆದ್ದು ಅಲ್ಲಿಗೇ ಬಂದು ತಲಪಿತು. ಕೆಲವೇ ದಿನಗಳ ಹಿಂದೆ ತನ್ನನ್ನು ಮಣಿಸಿದ್ದ ಎದುರಾಳಿಯನ್ನು 11 ರನ್ನುಗಳಿಂದ ಸೋಲಿಸಿತು. (ಕಲಬುರಗಿಯ ಹೆಸರಿನ ಈ ತಂಡವು ಆ ವರ್ಷ ಕಲಬುರಗಿಯಲ್ಲಿ ಒಂದು ಪಂದ್ಯವನ್ನಾದರೂ ಆಡಲಿಲ್ಲ, ಎಲ್ಲವೂ ಮೈಸೂರು ಬೆಂಗಳೂರುಗಳಲ್ಲಿಯೇ ನಡೆದವು. ಅದು ಬೇರೆಯ ಮಾತು.)

ಲೀಗಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕುಳಿತವನೊಬ್ಬನು ಅಂತಿಮ ಪಂದ್ಯದ ಹಿಂದಿನ ದಿನ ಏನನ್ನು ಊಹಿಸಬಹುದಾಗಿತ್ತು? ಆ ಎರಡು ತಂಡಗಳೂ ಒಂದೇ ಲೀಗಿನವು. ಒಬ್ಬರ ಬಲವನ್ನು ಒಬ್ಬರು ಬಲ್ಲವರು. ಹಾಗಿದ್ದೂ ಫಲವು ಬುಡಮೇಲಾಯಿತು. ಇನ್ನು ಎಂದೂ ಮುಖಾಮುಖಿಯಾಗದ ತಂಡಗಳು, ಬೇರೆ ಬೇರೆ ವಲಯಗಳಲ್ಲಿ ಆಡಿ ಗೆದ್ದು, ಒಂದೆಡೆ ಬಂದು ಸೇರಿದಾಗ ಗೆಲ್ಲುವವರು ಯಾರೆಂದು ಹೇಳುವುದು ಹೇಗೆ? ನಮ್ಮ ವಿಶ್ವವಿದ್ಯಾನಿಲಯಗಳ ನಡುವಣ ಪಂದ್ಯಗಳು ನಡೆಯುವುದು ಹೀಗೆಯೇ: ಮೊದಲು ವಲಯಮಟ್ಟದ ಪಂದ್ಯಗಳು, ಅವುಗಳಲ್ಲಿ ಮುಂದೆ ನಿಂತವರಿಗೆ ಅಖಿಲ ಭಾರತ ಮಟ್ಟದ ಪಂದ್ಯಗಳು. ರಣಜಿ ಟ್ರೋಫಿಯೂ ನಲವತ್ತೈದು ವರ್ಷಗಳ ಕಾಲ ಹೀಗೆಯೇ ನಡೆಯಿತು. ಆದರೆ ಈ ಪ್ರಶ್ನೆಯನ್ನು ಅತಿ ಹೆಚ್ಚಿನ ಹಟದಿಂದ ಬೆನ್ನಟ್ಟಿದವರು ಅಮೆರಿಕೆಯ ಕಾಲೇಜು ಬ್ಯಾಸ್ಕೆಟ್‌ಬಾಲಿನ ಅಭಿಮಾನಿಗಳು. ಅವರ ಲೆಕ್ಕಾಚಾರವನ್ನೂ ನಮ್ಮ ರಣಜಿಯ ಅನುಭವವನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಸಣ್ಣ ಸಂಗತಿಯನ್ನು ಮನದಟ್ಟು ಮಾಡಿಕೊಳ್ಳಬೇಕು. ಹಿಂದೆ, ಮೆಟ್ರಿಕ್ ಅಳತೆಗಳು ಬರುವುದಕ್ಕೆ ಮುಂಚೆ, ಊರಿನಿಂದ ಊರಿಗೆ ಸೇರಿನ ಪ್ರಮಾಣ ಬದಲಾಗುತ್ತಿದ್ದುದನ್ನು ಹಿರಿಯರು ಬಲ್ಲರು. ಕಮಲಾಪುರದಲ್ಲಿ ಒಂದು ಸೇರು, ಕಲಬುರಗಿಯಲ್ಲಿ ಇನ್ನೊಂದು ಸೇರು ಎಂದು ಭಾವಿಸೋಣ. ಕಮಲಾಪುರದ ಒಬ್ಬ ರೈತನು ಹತ್ತು ಸೇರು ತೊಗರಿಯನ್ನೂ ಕಲಬುರಗಿಯ ಒಬ್ಬನು ಎಂಟು ಸೇರನ್ನೂ ಅಳೆದರೆ ಯಾರದು ಹೆಚ್ಚು? ಹೇಳಲಾಗದು. ಅಲ್ಲಿ ಅಳೆದ ಒಂದೇ ಒಂದು ಚೀಲವನ್ನು ಇಲ್ಲಿಗೆ ತಂದು ಮತ್ತೆ ಅಳೆದರೆ ಆಗ ಎರಡು ಸೇರುಗಳ ಸಂಬಂಧ ತಿಳಿಯುತ್ತದೆ. ಆ ಚೀಲವನ್ನು ನಾವು ಸೇತುವೆ ಎನ್ನೋಣ. ವಲಯದ ಪಂದ್ಯಗಳ ಪಟ್ಟಿಯೂ ಆಯಾ ವಲಯದ ಸೇರಿನಲ್ಲಿ ಅಳೆದ ಅಳತೆಯೇ. ಒಂದು ವಲಯದಲ್ಲಿ ಹತ್ತಕ್ಕೆ ಒಂಬತ್ತು ಗೆದ್ದವರು, ಇನ್ನೊಂದರಲ್ಲಿ ಹತ್ತಕ್ಕೆ ಆರು ಗೆದ್ದವರಿಗಿಂತ ಬಲಶಾಲಿಗಳೆಂದು ಹೇಳಲು ಆ ಪಟ್ಟಿಗಳಲ್ಲಿ ಯಾವ ಆಧಾರವೂ ಇಲ್ಲ.

ಇದು ಬರಿಯ ಉಪಮೆಯಲ್ಲ. ಗಣಿತದಿಂದಲೇ ಸಿದ್ಧವಾಗುವ ಮಾತು. ವಲಯದೊಳಗೆ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕಷ್ಟೆ. ಆದಕಾರಣ ವಲಯದ ಒಟ್ಟು ಗೆಲುವುಗಳು ಒಟ್ಟು ಸೋಲುಗಳಿಗೆ ಸದಾ ಸಮ. ವಲಯವು ಎಷ್ಟು ಬಲವಾಗಿರಲಿ, ಎಷ್ಟು ದುರ್ಬಲವಾಗಿರಲಿ, ಅದರ ಸರಾಸರಿ ಗೆಲುವು ನೂರಕ್ಕೆ ಐವತ್ತೇ. ಚದುರಂಗದ ಆಟಗಾರರನ್ನು ಅಂಕಗಳಿಂದ ಅಳೆಯುವ ಕ್ರಮವನ್ನು ರೂಪಿಸಿದ ಆರ್ಪಾಡ್ ಎಲೊ ಅವರ ಪದ್ಧತಿಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹಂಗೆರಿಯಲ್ಲಿ ಹುಟ್ಟಿದ ಎಲೊ ಅಮೆರಿಕೆಯ ಮಾರ್ಕ್ವೆಟ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರ ಪದ್ಧತಿಯನ್ನು ಅಮೆರಿಕೆಯ ಚದುರಂಗ ಸಂಸ್ಥೆ 1960ರಲ್ಲಿಯೂ ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ 1970ರಲ್ಲಿಯೂ ಅಂಗೀಕರಿಸಿದವು. ಅದರ ಸಾರ ಇಷ್ಟೇ: ಗೆದ್ದವನು ಸೋತವನಿಂದ ಕೆಲವು ಅಂಕಗಳನ್ನು ಕಿತ್ತುಕೊಳ್ಳುತ್ತಾನೆ, ಬಲಶಾಲಿಯನ್ನು ಗೆದ್ದರೆ ಹೆಚ್ಚು, ದುರ್ಬಲನನ್ನು ಗೆದ್ದರೆ ಕಡಮೆ.

ಕಲಬುರಗಿ ನಗರದ ನಾಲ್ಕು ಕಾಲೇಜು ತಂಡಗಳು ತಮ್ಮೊಳಗೇ, ಕಮಲಾಪುರದ ಕಡೆಯ ನಾಲ್ಕು ತಂಡಗಳು ತಮ್ಮೊಳಗೇ ಆಡುತ್ತವೆ ಎಂದು ಕಲ್ಪಿಸಿಕೊಳ್ಳಿರಿ. ಪ್ರತಿಯೊಂದಕ್ಕೂ ಮೊದಲಿಗೆ 1500 ಅಂಕ. ನಗರದ ನಾಲ್ವರ ಮೊತ್ತ 6000, ಕಮಲಾಪುರದವರದೂ 6000. ಅವರು ವರ್ಷಪೂರ್ತಿ ಆಡಲಿ, ಅಂಕಗಳು ಕೈಯಿಂದ ಕೈಗೆ ಹೋಗಬಹುದೇ ಹೊರತು ಮೊತ್ತ ಕದಲದು. ನಗರದ ನಾಲ್ಕೂ ತಂಡಗಳಿಗೆ ಒಳ್ಳೆಯ ತರಬೇತುದಾರರು ದೊರಕಿ ಎಲ್ಲರ ಆಟವೂ ಇಮ್ಮಡಿ ಉತ್ತಮವಾಯಿತೆನ್ನಿ. ಆಗಲೂ ಮೊತ್ತ 6000ವೇ! ಇನ್ನು ಒಂದು ದಿನ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ನಗರದ ಮೂರನೆಯ ತಂಡವು (1450 ಅಂಕ) ಕಮಲಾಪುರದ ಮೊದಲನೆಯ ತಂಡವನ್ನು (1550 ಅಂಕ) ಸೋಲಿಸಿತೆನ್ನೋಣ. ಒಂದು ಪಂದ್ಯದಲ್ಲಿ ಹೆಚ್ಚೆಂದರೆ 32 ಅಂಕಗಳು ಕೈಬದಲಾಗಬಹುದೆಂಬ ನಿಯಮವಿದ್ದರೆ, ಈ ಪಂದ್ಯದಿಂದ ಸುಮಾರು 20 ಅಂಕಗಳು ಸೇತುವೆಯನ್ನು ದಾಟಿ ಬರುತ್ತವೆ. ಈಗ ನಗರದ ಮೊತ್ತ 6020, ಕಮಲಾಪುರದ್ದು 5980. ಎರಡು ವಲಯಗಳ ಅಂತರದ ಮೊದಲನೆಯ ಸುಳಿವು ನಮಗೆ ದೊರೆತುದು ಈ ಒಂದು ಪಂದ್ಯದಿಂದ. ಅದಕ್ಕೆ ಮುಂಚಿನ ಹತ್ತಾರು ಪಂದ್ಯಗಳಿಂದ ಅಲ್ಲ.

ವಿಶ್ವವಿದ್ಯಾನಿಲಯದ ತಂಡಕ್ಕೆ ಆಟಗಾರರನ್ನು ಆರಿಸುವವರು ಈ ಮಾತನ್ನು ಮರೆತರೆ ಅನ್ಯಾಯವಾಗುವುದು ಯಾರಿಗೆ ಎಂಬುದನ್ನು ವಾಚಕರೇ ಯೋಚಿಸಬಹುದು. ತಾಲ್ಲೂಕಿನ ಕಾಲೇಜಿನಲ್ಲಿ ಪಂದ್ಯಕ್ಕೆ ಮೂವತ್ತು ಅಂಕ ಗಳಿಸುವ ಹುಡುಗಿಯನ್ನು "ಅಲ್ಲಿ ಎದುರಾಳಿಗಳೇ ಇಲ್ಲ" ಎಂದು ತಳ್ಳಿಹಾಕುವುದೂ, ನಗರದಲ್ಲಿ ಹದಿನೈದು ಗಳಿಸುವವಳನ್ನು ಯೋಚಿಸದೆ ಮೇಲಕ್ಕೆತ್ತುವುದೂ ಎರಡೂ ಅಳತೆಯಿಲ್ಲದ ತೀರ್ಪುಗಳೇ. ಸೇತುವೆಯ ಪಂದ್ಯಗಳನ್ನು ಆಡಿಸದೆ ಇಬ್ಬರ ಬಗೆಗೂ ನಿಜ ತಿಳಿಯದು. ಬೇರೆ ಬೇರೆ ಪರೀಕ್ಷಾ ಮಂಡಲಿಗಳ ಅಂಕಗಳನ್ನು ಅಕ್ಕಪಕ್ಕದಲ್ಲಿಟ್ಟು ಸೀಟು ಹಂಚುವಾಗ ಏಳುವ ತಕರಾರೂ ಇದೇ ಜಾತಿಯದು.

ಈಗ ರಣಜಿ ಟ್ರೋಫಿಯ ಕಡೆಗೆ ತಿರುಗೋಣ. 1934-35ರಲ್ಲಿ ಪ್ರಾರಂಭವಾದ ಈ ಪಂದ್ಯಾವಳಿಯು ಮೊದಲು ಸೋತವರು ಹೊರಬೀಳುವ ಕ್ರಮದಲ್ಲಿಯೇ ನಡೆಯುತ್ತಿತ್ತು. 1957-58ರಿಂದ ವಲಯದೊಳಗಿನ ತಂಡಗಳು ತಮ್ಮ ತಮ್ಮಲ್ಲಿ ಲೀಗ್ ಆಡಿ, ಐದು ವಲಯಗಳ ವಿಜೇತರು ಮುಂದಿನ ಹಂತದಲ್ಲಿ ಸೇರುವ ಕ್ರಮ ಬಂದಿತು. 1970-71ರಿಂದ ಪ್ರತಿ ವಲಯದ ಮೊದಲ ಇಬ್ಬರು, 1992-93ರಿಂದ ಮೊದಲ ಮೂವರು ಮುಂದೆ ಹೋಗುತ್ತಿದ್ದರು. 2002-03ರಲ್ಲಿ ವಲಯಗಳನ್ನು ಕೈಬಿಡಲಾಯಿತು. ಮೈಸೂರು, ಮದರಾಸು, ಹೈದರಾಬಾದು, ಆಂಧ್ರ, ಕೇರಳ ಇವು ದಕ್ಷಿಣ ವಲಯದವು. ಕಲಬುರಗಿಯು 1956ರವರೆಗೆ ಹೈದರಾಬಾದು ಸಂಸ್ಥಾನಕ್ಕೂ ಬಳಿಕ ಅದೇ ಹೆಸರಿನ ರಾಜ್ಯಕ್ಕೂ ಸೇರಿತ್ತಾದ್ದರಿಂದ, ಇಲ್ಲಿನ ಹಳೆಯ ತಲೆಮಾರಿನವರ ಅಭಿಮಾನ ಮೈಸೂರು ಹೈದರಾಬಾದುಗಳ ನಡುವೆ ಹಂಚಿಹೋಗಿದ್ದರೆ ಆಶ್ಚರ್ಯವಿಲ್ಲ.

ಲೀಗಿನ ಹಂತದಲ್ಲಿ ವಲಯದಿಂದ ವಲಯಕ್ಕೆ ಸೇತುವೆಯೇ ಇರಲಿಲ್ಲ. 1961-62ರಲ್ಲಿ ಪ್ರಾರಂಭವಾದ ದುಲೀಪ್ ಟ್ರೋಫಿಯಲ್ಲಿ ವಲಯಗಳ ಆಯ್ದ ತಂಡಗಳು ಒಂದನ್ನೊಂದು ಎದುರಿಸುತ್ತಿದ್ದವು. ಮೊದಲ ಹತ್ತು ವರ್ಷಗಳಲ್ಲಿ ಅದು ಪಶ್ಚಿಮ ಮತ್ತು ದಕ್ಷಿಣ ವಲಯಗಳನ್ನು ಬಿಟ್ಟು ಬೇರೊಂದಕ್ಕೆ ಒಲಿಯಲಿಲ್ಲ. ಇದೊಂದು ಸೇತುವೆಯೇನೋ ಹೌದು. ಆದರೆ ಅದು ವಲಯದ ಹನ್ನೊಂದು ಶ್ರೇಷ್ಠ ಆಟಗಾರರ ಅಳತೆ. ವಲಯದ ಸಾಮಾನ್ಯ ತಂಡದ ಅಳತೆಯಲ್ಲ. ಬೆಟ್ಟದ ತುದಿಯ ಎತ್ತರದಿಂದ ಬಯಲಿನ ಎತ್ತರವನ್ನು ಹೇಳಲಾಗದಷ್ಟೆ.

ಆ ಕಾಲದಲ್ಲಿ ಭವಿಷ್ಯ ಹೇಳುವವನಿಗೆ ಇಷ್ಟೆಲ್ಲ ಲೆಕ್ಕ ಬೇಕಿರಲಿಲ್ಲ ಎಂದು ಯಾರಾದರೂ ನಗಬಹುದು. 1958-59ರಿಂದ 1972-73ರವರೆಗೆ ಹದಿನೈದು ವರ್ಷಗಳು ಒಂದೇ ಸಮನೆ ಮುಂಬಯಿ ತಂಡವೇ ರಣಜಿ ಟ್ರೋಫಿಯನ್ನು ಗೆದ್ದಿತು. 1959-60ರ ಅಂತಿಮ ಪಂದ್ಯದಲ್ಲಿ ಅದರೆದುರು ಸೋತದ್ದು ಮೈಸೂರು. ಇಂಥ ಸರಣಿಯು ಆಕಸ್ಮಿಕವಾಗಿ ಬರುವುದಲ್ಲ. ಪ್ರತಿ ವರ್ಷ ಗೆಲ್ಲುವ ಸಂಭವವು ನೂರಕ್ಕೆ 80 ಇದ್ದರೂ, ಹದಿನೈದು ವರ್ಷ ಬಿಡದೆ ಗೆಲ್ಲುವ ಸಂಭವವು 0.8ನ್ನು ಹದಿನೈದು ಬಾರಿ ಗುಣಿಸಿದಷ್ಟು, ಅಂದರೆ ನೂರಕ್ಕೆ ಮೂರೂವರೆ ಮಾತ್ರ. ನೂರಕ್ಕೆ 95 ಎಂದು ಹಿಡಿದರೆ ಅದು 46ಕ್ಕೆ ಏರುತ್ತದೆ. ಹಲವು ದಿನಗಳ ಕ್ರಿಕೆಟ್ಟಿನಲ್ಲಿ, ಪಂದ್ಯ ಮುಗಿಯದಿದ್ದಾಗ ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದಲೇ ಮುಂದಿನವರನ್ನು ನಿರ್ಧರಿಸುವ ನಿಯಮವಿರುವಾಗ, ಬಲಶಾಲಿಯ ಬಲವು ಫಲವಾಗಿ ಇಳಿಯುವುದಕ್ಕೆ ಅವಕಾಶ ಹೆಚ್ಚು. ಇದಕ್ಕೆ ವಿರುದ್ಧವಾಗಿ ಮಹಾರಾಜ ಟ್ರೋಫಿಯ 2022ರಿಂದ 2025ರವರೆಗಿನ ನಾಲ್ಕು ವರ್ಷಗಳನ್ನು ನೋಡಿರಿ: ಗುಲ್ಬರ್ಗಾ, ಹುಬ್ಬಳ್ಳಿ, ಮೈಸೂರು, ಮಂಗಳೂರು, ನಾಲ್ಕು ವರ್ಷ, ನಾಲ್ಕು ವಿಜೇತರು. ಆರೂ ತಂಡಗಳು ಸಮಬಲದವೆಂದು ಇಟ್ಟುಕೊಂಡರೂ ಹೀಗಾಗುವ ಸಂಭವ ನೂರಕ್ಕೆ 28 ಇದ್ದೇ ಇದೆ. ಅಲ್ಲಿ ಹಿಂದಿನ ವರ್ಷದ ವಿಜೇತರನ್ನು ನೆಚ್ಚಿದವನು ಪ್ರತಿ ಸಲವೂ ಸೋತನು.

1974ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನಡೆದ ಉಪಾಂತ್ಯ ಪಂದ್ಯವು ಮುಂಬಯಿಯ ಸರಣಿಯನ್ನು ಮುರಿಯಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಗಿ ಇನ್ನೂ ಐದು ತಿಂಗಳು ಕಳೆದಿರಲಿಲ್ಲ. ಪ್ರಸನ್ನ ಅವರ ನಾಯಕತ್ವದಲ್ಲಿ ಆಡಿದ ಕರ್ನಾಟಕವು ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲರ ಶತಕಗಳ ಬಲದಿಂದ 385 ರನ್ನುಗಳನ್ನು ಗಳಿಸಿತು. ಮುಂಬಯಿ 307ಕ್ಕೆ ನಿಂತಿತು. ಗಾವಸ್ಕರರನ್ನು ಪ್ರಸನ್ನರು ಬೌಲ್ಡ್ ಮಾಡಿದುದನ್ನೂ, ಚೆನ್ನಾಗಿ ಆಡುತ್ತಿದ್ದ ವಾಡೇಕರರು ರನ್‌ಔಟ್ ಆದುದನ್ನೂ ಅಂದು ರೇಡಿಯೋಕ್ಕೆ ಕಿವಿಗೊಟ್ಟವರು ಇಂದಿಗೂ ನೆನೆಯುತ್ತಾರೆ. ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕವು ಮೊದಲ ಬಾರಿಗೆ ಟ್ರೋಫಿಯನ್ನು ಪಡೆಯಿತು. ಮುಂದಿನ ಮೂರು ವರ್ಷಗಳು ಮತ್ತೆ ಮುಂಬಯಿಯದೇ. ಹಾಗಾದರೆ 1974ರಲ್ಲಿ ಆದದ್ದು ಬಲಾಬಲದ ಬದಲಾವಣೆಯೋ, ಒಂದು ಪಂದ್ಯದ ಆಕಸ್ಮಿಕವೋ? ಎರಡೂ ಸ್ವಲ್ಪ ಸ್ವಲ್ಪ ಎಂಬುದೇ ನಮ್ಮ ಅಭಿಪ್ರಾಯ. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥರಿದ್ದ ತಂಡವು ದುರ್ಬಲವೆನ್ನಲು ಯಾರಿಗೂ ಬಾಯಿ ಬಾರದು. ಆದರೆ ವಾಡೇಕರರ ರನ್‌ಔಟನ್ನು ಯಾವ ಲೀಗ್ ಪಟ್ಟಿಯಿಂದಲೂ ಊಹಿಸಲಾಗುತ್ತಿರಲಿಲ್ಲ.

ಅಮೆರಿಕೆಯ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಇದೇ ಸಮಸ್ಯೆಯು ನೂರ್ಮಡಿ ದೊಡ್ಡದು. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಚಳಿಗಾಲದಲ್ಲಿ ಮನೆಯೊಳಗೆ ಆಡಲೆಂದು ಕಂಡುಹಿಡಿದ ಈ ಆಟವನ್ನು ಇಂದು ಅಲ್ಲಿನ ಅತ್ಯುನ್ನತ ವರ್ಗದಲ್ಲಿಯೇ 350ಕ್ಕೂ ಹೆಚ್ಚು ಕಾಲೇಜುಗಳು ಆಡುತ್ತವೆ. ಅವು ಮೂವತ್ತಕ್ಕೂ ಮಿಕ್ಕ ಕಾನ್ಫರೆನ್ಸುಗಳಾಗಿ, ಅಂದರೆ ಕೂಟಗಳಾಗಿ ಹಂಚಿಹೋಗಿವೆ. ಪ್ರತಿ ತಂಡವು ವರ್ಷಕ್ಕೆ ಮೂವತ್ತರಷ್ಟು ಪಂದ್ಯಗಳನ್ನು ಆಡುತ್ತದೆ. ಮಾರ್ಚಿಯಲ್ಲಿ 68 ತಂಡಗಳ ರಾಷ್ಟ್ರೀಯ ಪಂದ್ಯಾವಳಿ. ಅದರಲ್ಲಿ ಒಮ್ಮೆ ಸೋತವರು ಹೊರಗೆ. 2025ರಲ್ಲಿ 31 ಕೂಟಗಳ ವಿಜೇತರಿಗೆ ತಾವಾಗಿಯೇ ಸ್ಥಾನ ದೊರಕಿತು. ಉಳಿದ 37ನ್ನು ಒಂದು ಸಮಿತಿ ಆರಿಸಿತು. ಯಾವ ಕೂಟದ ಎಷ್ಟನೆಯವರು ಯಾವ ಕೂಟದ ಮೊದಲಿಗರಿಗೆ ಸಮ ಎಂಬ ಪ್ರಶ್ನೆಗೆ ಆ ಸಮಿತಿಯು ಪ್ರತಿ ವರ್ಷ ಉತ್ತರ ಹೇಳಲೇಬೇಕು.

ಸೇತುವೆಗಳು ಅಲ್ಲಿ ಉಂಟು. ನವೆಂಬರ್ ಡಿಸೆಂಬರುಗಳಲ್ಲಿ ತಂಡಗಳು ಹೊರಗಿನ ಕೂಟದವರೊಡನೆ ಆಡುತ್ತವೆ. ಜನವರಿಯಿಂದ ಮುಂದೆ ಬಹುಮಟ್ಟಿಗೆ ತಮ್ಮ ಕೂಟದೊಳಗೇ. ಇದರಿಂದ ಒಂದು ವಿಚಿತ್ರ ಪರಿಣಾಮ ಉಂಟಾಗುತ್ತದೆ. ಪಂದ್ಯಾವಳಿಗೆ ಸಮೀಪದ ಎರಡು ತಿಂಗಳುಗಳ ಆಟವು ನಮಗೆ ಕೂಟದೊಳಗಿನ ಏರಿಳಿತವನ್ನು ಮಾತ್ರ ಹೇಳಬಲ್ಲುದು. ಇಡೀ ಕೂಟವೇ ಮೇಲೇರಿತೋ ಕುಸಿಯಿತೋ ಎಂಬುದನ್ನು ಹೇಳಲಾರದು. ಕೂಟಗಳ ತಾರತಮ್ಯಕ್ಕೆ ನಮ್ಮ ಆಧಾರ ಮೂರು ತಿಂಗಳ ಹಿಂದಿನ ಪಂದ್ಯಗಳೇ. ಫೆಬ್ರವರಿಯಲ್ಲಿ ಒಂದು ತಂಡವು "ಏರುಗತಿಯಲ್ಲಿದೆ" ಎಂದು ಪತ್ರಿಕೆಗಳು ಬರೆದರೆ, ಅದೇ ಕೂಟದ ಮತ್ತಾವುದೋ ತಂಡ ಇಳಿಗತಿಯಲ್ಲಿರಲೇಬೇಕು ಎಂಬುದನ್ನು ವಾಚಕರು ಈಗ ಸುಲಭವಾಗಿ ಕಾಣಬಲ್ಲರು.

ಎದುರಾಳಿಗಳ ಬಲವನ್ನು ಲೆಕ್ಕಕ್ಕೆ ತರಲು 1981ರಿಂದ 2018ರವರೆಗೆ ಆರ್.ಪಿ.ಐ. ಎಂಬ ಸೂಚಿಯೊಂದು ಬಳಕೆಯಲ್ಲಿತ್ತು. ತಂಡದ ಸ್ವಂತ ಗೆಲುವಿನ ಪ್ರಮಾಣದ ಕಾಲುಭಾಗ, ಅದರ ಎದುರಾಳಿಗಳ ಗೆಲುವಿನ ಪ್ರಮಾಣದ ಅರ್ಧಭಾಗ, ಎದುರಾಳಿಗಳ ಎದುರಾಳಿಗಳ ಪ್ರಮಾಣದ ಕಾಲುಭಾಗ, ಇವುಗಳ ಮೊತ್ತವೇ ಅದು. ದುರ್ಬಲ ಕೂಟದ ಒಂದು ತಂಡಕ್ಕೆ ಈ ಮೂರು 0.80, 0.40, 0.45 ಇದ್ದರೆ ಸೂಚಿ 0.5125. ಬಲವಾದ ಕೂಟದ ತಂಡಕ್ಕೆ 0.60, 0.62, 0.55 ಇದ್ದರೆ 0.5975. ಕಡಮೆ ಗೆದ್ದವರೇ ಮುಂದೆ! ಇದು ಬರಿಯ ಗೆಲುವಿನ ಪಟ್ಟಿಗಿಂತ ಮೇಲೇ ಸರಿ. ಆದರೆ ಎದುರಾಳಿಯ ತೂಕವೇ ಹೆಚ್ಚಾದುದರಿಂದ, ಬಲಶಾಲಿಯೊಡನೆ ಆಡಿ ಸೋತರೂ ಸೂಚಿ ಏರಬಹುದಾಗಿತ್ತು. ಒಂದು ಅಂಕದಿಂದ ಗೆದ್ದವನಿಗೂ ಮೂವತ್ತು ಅಂಕಗಳಿಂದ ಗೆದ್ದವನಿಗೂ ಭೇದವಿರಲಿಲ್ಲ. 2018-19ರಿಂದ ಅದರ ಸ್ಥಾನದಲ್ಲಿ ಬೇರೊಂದು ಕ್ರಮ ಬಂದಿದೆ. ಈಗಿನ ಲೆಕ್ಕಿಗರು ಗೆಲುವಿನ ಅಂತರವನ್ನು, ಅದರಲ್ಲಿಯೂ ಚೆಂಡು ಕೈಗೆ ಬಂದ ನೂರು ಸರದಿಗಳಿಗೆ ಎಷ್ಟು ಅಂಕ ಗಳಿಸಿದರು, ಎಷ್ಟು ಬಿಟ್ಟುಕೊಟ್ಟರು ಎಂಬುದನ್ನು ಎಣಿಸುತ್ತಾರೆ. ನಿಧಾನವಾಗಿ ಆಡುವ ತಂಡವು ಕಡಮೆ ಅಂಕ ಗಳಿಸುವುದು ಸಹಜವಾದುದರಿಂದ ಈ ಎಚ್ಚರ ಬೇಕು.

ಹೀಗೆ ಎರಡು ತಂಡಗಳ ನಡುವೆ ನಿರೀಕ್ಷಿಸಬಹುದಾದ ಅಂತರ ದೊರೆಯಿತೆನ್ನಿ. ಅದರಿಂದ ಗೆಲುವಿನ ಸಂಭವನೀಯತೆಯನ್ನು ತಿಳಿಯುವುದು ಹೇಗೆ? ಸಾವಿರಾರು ಪಂದ್ಯಗಳಲ್ಲಿ ನಿರೀಕ್ಷಿತ ಅಂತರಕ್ಕೂ ನಿಜವಾದ ಅಂತರಕ್ಕೂ ಇರುವ ವ್ಯತ್ಯಾಸವನ್ನು ಬರೆದು ನೋಡಿದರೆ ಗಂಟೆಯಾಕಾರದ ರೇಖೆಯೊಂದು ಮೂಡುತ್ತದೆ. ಅದರ ಮಾನಕ ವಿಚಲನೆ ಸುಮಾರು 11 ಅಂಕ. ಅಂದರೆ ಮೂರರಲ್ಲಿ ಎರಡು ಪಂದ್ಯಗಳ ಫಲವು ನಿರೀಕ್ಷೆಯಿಂದ 11 ಅಂಕಗಳೊಳಗೆ ಬೀಳುತ್ತದೆ, ಮೂರರಲ್ಲೊಂದು ಅದಕ್ಕೂ ದೂರ ಹೋಗುತ್ತದೆ. ಈ ಲೆಕ್ಕದಲ್ಲಿ 2 ಅಂಕ ಬಲಶಾಲಿಯಾದ ತಂಡವು ನೂರಕ್ಕೆ 57 ಸಲ, 5 ಅಂಕದ ತಂಡವು 68 ಸಲ, 10 ಅಂಕದ್ದು 82 ಸಲ ಗೆಲ್ಲಬೇಕು. ಪ್ರಶಸ್ತಿಗೆ ಸಾಮಾನ್ಯವಾಗಿ ಆರು ಪಂದ್ಯಗಳನ್ನು ಒಂದೇ ಸಮನೆ ಗೆಲ್ಲಬೇಕಾದುದರಿಂದ, ಪ್ರತಿ ಪಂದ್ಯದಲ್ಲಿಯೂ ನೂರಕ್ಕೆ 80ರ ಸಂಭವವುಳ್ಳ ಮಹಾಬಲಶಾಲಿಗೂ ಪ್ರಶಸ್ತಿಯ ಸಂಭವ 26 ಮಾತ್ರ. "ಎಲ್ಲರಿಗಿಂತ ಉತ್ತಮ ತಂಡ ಯಾವುದು?" ಎಂಬುದೂ "ಗೆಲ್ಲುವ ತಂಡ ಯಾವುದು?" ಎಂಬುದೂ ಬೇರೆ ಬೇರೆ ಪ್ರಶ್ನೆಗಳೆಂಬುದು ಇದರಿಂದ ಸ್ಪಷ್ಟ.

64 ತಂಡಗಳ 63 ಪಂದ್ಯಗಳ ಫಲವನ್ನೂ ಮೊದಲೇ ಬರೆದಿಡುವ ಆಟವೊಂದು ಅಲ್ಲಿ ಮನೆಮನೆಯಲ್ಲಿಯೂ ನಡೆಯುತ್ತದೆ. ಸಾಧ್ಯವಿರುವ ಪಟ್ಟಿಗಳ ಸಂಖ್ಯೆ 92,23,37,20,36,85,47,75,808. 2014ರಲ್ಲಿ ಇಡೀ ಪಟ್ಟಿಯನ್ನು ಸರಿಯಾಗಿ ಬರೆದವರಿಗೆ ನೂರು ಕೋಟಿ ಡಾಲರುಗಳ ಬಹುಮಾನವನ್ನು ಸಾರಲಾಗಿತ್ತು. ಕೊಡುವ ಪ್ರಮೇಯ ಬರಲಿಲ್ಲ. 2019ರಲ್ಲಿ ಒಬ್ಬರ ಪಟ್ಟಿಯು ಮೊದಲ 49 ಪಂದ್ಯಗಳವರೆಗೆ ತಪ್ಪಿಲ್ಲದೆ ಸಾಗಿದ್ದೇ ಒಂದು ದೊಡ್ಡ ಸುದ್ದಿಯಾಯಿತು.

ಗತಿಯ ಮಾತಿಗೆ ಮತ್ತೆ ಬರೋಣ. ಕೂಟದ 18 ಪಂದ್ಯಗಳಲ್ಲಿ ಒಂದು ತಂಡವು ನಾಲ್ಕನ್ನು ಬೆನ್ನುಬೆನ್ನಿಗೆ ಗೆದ್ದರೆ, ಅಥವಾ ಸೋತರೆ, ಅದರಲ್ಲಿ ಏನೋ ಅರ್ಥವಿದೆ ಎಂದು ನಮಗೆ ತೋರುತ್ತದೆ. ಒಂದು ರೂಪಾಯಿಯ ನಾಣ್ಯವನ್ನು ತೆಗೆದುಕೊಂಡು 18 ಬಾರಿ ಚಿಮ್ಮಿ, ತಲೆ ಬಿದ್ದರೆ ಗೆಲುವು, ಬೆನ್ನು ಬಿದ್ದರೆ ಸೋಲು ಎಂದು ಬರೆದುಕೊಳ್ಳಿರಿ. ಒಂದೇ ಬಗೆಯ ಫಲವು ನಾಲ್ಕು ಅಥವಾ ಹೆಚ್ಚು ಬಾರಿ ಒಟ್ಟಾಗಿ ಬರುವ ಸಂಭವ ನೂರಕ್ಕೆ ಸುಮಾರು 73. ನಾಣ್ಯಕ್ಕೆ ಏರುಗತಿಯೂ ಇಲ್ಲ, ಇಳಿಗತಿಯೂ ಇಲ್ಲ. ತರಗತಿಯಲ್ಲಿ ಮೂವತ್ತು ಮಂದಿ ಕುಳಿತು ಈ ಪ್ರಯೋಗ ಮಾಡಿದರೆ, ಸರಣಿಯಿಲ್ಲದ ಪಟ್ಟಿ ಎಂಟು ಮಂದಿಯದ್ದಾದರೆ ಹೆಚ್ಚು. ಹಾಗೆಯೇ, ನಿಜವಾಗಿ ಸಮಬಲದ ತಂಡವೊಂದು 18ರಲ್ಲಿ 9ನ್ನು ಗೆಲ್ಲುವುದು ಸರಾಸರಿಯಾದರೂ, ಎರಡು ಪಂದ್ಯ ಹೆಚ್ಚುಕಡಮೆಯಾಗುವುದು ತೀರ ಸಾಮಾನ್ಯ. ಹನ್ನೊಂದು ಗೆದ್ದವರನ್ನೂ ಏಳು ಗೆದ್ದವರನ್ನೂ ಪಟ್ಟಿಯು ಬಹುದೂರ ಇಡುತ್ತದೆ. ಬಲದಲ್ಲಿ ಅವರು ಅಕ್ಕಪಕ್ಕದವರೇ ಆಗಿರಬಹುದು.

2011ರ ಕತೆಯನ್ನು ಕೇಳಿದರೆ ಇದರ ಮರ್ಮ ತಿಳಿಯುತ್ತದೆ. ಆ ವರ್ಷ ಬಿಗ್ ಈಸ್ಟ್ ಎಂಬ 16 ತಂಡಗಳ ಕೂಟವು ಅಮೆರಿಕೆಯಲ್ಲಿಯೇ ಬಲಿಷ್ಠವೆಂದು ಹೆಸರಾಗಿ, ಅದರ 11 ತಂಡಗಳಿಗೆ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಸ್ಥಾನ ದೊರಕಿತ್ತು. ಕೂಟದ ಬಲವನ್ನು ನೆಚ್ಚಿದವರು ಅದರ ನಾಲ್ಕಾರು ತಂಡಗಳಾದರೂ ಕೊನೆಯ ಹದಿನಾರರಲ್ಲಿ ಉಳಿಯುವುವೆಂದು ಎಣಿಸಿದರು. ಉಳಿದದ್ದು ಎರಡೇ: ಮಾರ್ಕ್ವೆಟ್ ಮತ್ತು ಕನೆಕ್ಟಿಕಟ್. ಅವೆರಡೂ ಹದಿನಾರಕ್ಕೆ ಏರಿದ್ದು ತಮ್ಮದೇ ಕೂಟದ ಸಿರಕ್ಯೂಸ್ ಮತ್ತು ಸಿನ್ಸಿನಾಟಿ ತಂಡಗಳನ್ನು ಕೆಡವಿ. ಕೂಟವು ದೊಡ್ಡದಾದಷ್ಟೂ ಮನೆಯವರೇ ಮನೆಯವರನ್ನು ಹೊರಗಟ್ಟುವ ಸಂಭವ ಹೆಚ್ಚು. ಈ ಚಿಕ್ಕ ಸಂಗತಿಯನ್ನು ಎಷ್ಟೋ ಮಂದಿ ಮರೆಯುತ್ತಾರೆ. ಸರಿ, ಕೂಟವನ್ನು ನೆಚ್ಚಿದವರು ಸೋತರು. ಆದರೆ ಪ್ರಶಸ್ತಿ ಗೆದ್ದವರು ಯಾರು? ಅದೇ ಕೂಟದ ಕನೆಕ್ಟಿಕಟ್! ಕೂಟದೊಳಗೆ ಅದರ ಸಾಧನೆ 18ರಲ್ಲಿ 9 ಗೆಲುವು, 9 ಸೋಲು, ಒಂಬತ್ತನೆಯ ಸ್ಥಾನ. ಅಲ್ಲಿಂದ ಎದ್ದು ಕೂಟದ ಪಂದ್ಯಾವಳಿಯಲ್ಲಿ ಐದು ದಿನಗಳಲ್ಲಿ ಐದು ಪಂದ್ಯಗಳನ್ನೂ, ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆರನ್ನೂ ಗೆದ್ದು, ಅಂತಿಮ ಪಂದ್ಯದಲ್ಲಿ ಬಟ್ಲರ್ ತಂಡವನ್ನು 53-41ರಿಂದ ಸೋಲಿಸಿತು. ಒಂಬತ್ತನೆಯವನೆಂಬುದು ಬಲವಾದ ವಲಯದ ಸೇರಿನಲ್ಲಿ ಅಳೆದ ಅಳತೆಯೆಂದು ನೆನಪಿಟ್ಟುಕೊಂಡವರಿಗೆ ಮಾತ್ರ ಇದು ತೀರ ಅನಿರೀಕ್ಷಿತವೆನಿಸಿರಲಾರದು.

ಇನ್ನೊಂದು ತುದಿಯಲ್ಲಿ 2025. ಸೌತ್ ಈಸ್ಟರ್ನ್ ಕಾನ್ಫರೆನ್ಸಿನ 16 ತಂಡಗಳು 2024ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನ ತಂಡಗಳೊಡನೆ ಆಡಿದ 16 ಪಂದ್ಯಗಳಲ್ಲಿ 14ನ್ನು ಗೆದ್ದುವು. ಇಷ್ಟು ಅಗಲವಾದ ಸೇತುವೆ ಅಪರೂಪ. ಅದು ಹೇಳಿದ್ದು ಸುಳ್ಳಾಗಲಿಲ್ಲ: ಮಾರ್ಚಿಯಲ್ಲಿ ಆ ಕೂಟದ 14 ತಂಡಗಳಿಗೆ ಸ್ಥಾನ ಸಿಕ್ಕಿತು, ಕೊನೆಯ ಹದಿನಾರರಲ್ಲಿ ಏಳು ಅದರವೇ, ಕೊನೆಯ ನಾಲ್ಕರಲ್ಲಿ ಎರಡು, ಪ್ರಶಸ್ತಿಯೂ ಅದರದೇ ಫ್ಲಾರಿಡಾ ತಂಡಕ್ಕೆ. ಆದರೂ ಅಂತಿಮ ಪಂದ್ಯದಲ್ಲಿ ಫ್ಲಾರಿಡಾ ಗೆದ್ದದ್ದು 65-63ರಿಂದ. ಕೊನೆಯ ಕ್ಷಣದಲ್ಲಿ ಒಂದು ಚೆಂಡು ಬುಟ್ಟಿಯ ಆಚೆಗೋ ಈಚೆಗೋ ಬಿದ್ದಿದ್ದರೆ "ಕೂಟದ ಬಲವನ್ನು ನೆಚ್ಚಬಾರದು" ಎಂದು ಮರುದಿನ ಬರೆಯುವವರಿಗೆ ಕೊರತೆಯಿರುತ್ತಿರಲಿಲ್ಲ.

ಕೂಟದ ಬಲವನ್ನು ವಿವೇಕದಿಂದ ಬಳಸುವ ಕ್ರಮವೊಂದುಂಟು. ಒಂದು ತಂಡದ ಬಗೆಗೆ ನಮಗೆ ತಿಳಿದುದು ಕಡಮೆಯಿದ್ದಾಗ, ಅದರ ಅಂದಾಜನ್ನು ಅದರ ಕೂಟದ ಸರಾಸರಿಯ ಕಡೆಗೆ ಎಳೆಯಬೇಕು. ತಿಳಿದುದು ಹೆಚ್ಚಿದಂತೆ ಆ ಎಳೆತವನ್ನು ಸಡಿಲಿಸಬೇಕು. ದೇಶದ ಸರಾಸರಿ ತಂಡವನ್ನು ಸೊನ್ನೆ ಎಂದಿಟ್ಟುಕೊಂಡು, ಒಂದು ದುರ್ಬಲ ಕೂಟದ ಸರಾಸರಿ ಅದಕ್ಕಿಂತ 8 ಅಂಕ ಕೆಳಗೆ, ಅದರಲ್ಲಿನ ಒಂದು ತಂಡವು ತೋರಿದ ಆಟ 10 ಅಂಕ ಮೇಲೆ ಎನ್ನೋಣ. ಹತ್ತು ಪಂದ್ಯಗಳ ಬಳಿಕ ತಂಡದ ಆಟಕ್ಕೆ ಅರ್ಧ ತೂಕ, ಕೂಟಕ್ಕೆ ಅರ್ಧ ತೂಕ ಕೊಟ್ಟರೆ ನಮ್ಮ ಅಂದಾಜು ಕೇವಲ 1 ಅಂಕ ಮೇಲೆ. ಮೂವತ್ತು ಪಂದ್ಯಗಳ ಬಳಿಕವೂ ಅದು ಅದೇ ಆಟವನ್ನು ತೋರಿದರೆ, ಮುಕ್ಕಾಲು ತೂಕ ಕೊಟ್ಟು 5.5 ಅಂಕ ಮೇಲೆ ಎನ್ನಬಹುದು. ಸಾವಿರ ತಂಡಗಳಿಗೆ ಹೀಗೆ ಮಾಡಿದರೆ ಒಟ್ಟಿನಲ್ಲಿ ತಪ್ಪು ಕಡಮೆಯಾಗುವುದು ನಿಶ್ಚಯ. ಆದರೆ ದುರ್ಬಲ ಕೂಟದಲ್ಲಿ ನಿಜವಾಗಿಯೂ ಬಲಶಾಲಿಯಾದ ಒಂದು ತಂಡವಿದ್ದರೆ ಅದಕ್ಕೆ ಈ ಲೆಕ್ಕವು ತನ್ನ ನೆರೆಹೊರೆಯವರ ತಪ್ಪಿಗಾಗಿ ದಂಡ ಹಾಕಿದಂತಾಗುತ್ತದೆ. ಚಿಕ್ಕ ಕೂಟದ ಬಟ್ಲರ್ 2010ರಲ್ಲಿಯೂ 2011ರಲ್ಲಿಯೂ ಅಂತಿಮ ಪಂದ್ಯ ತಲಪಿತು. ಶಿಕಾಗೋದ ಲೊಯೊಲಾ 2018ರಲ್ಲಿ ಕೊನೆಯ ನಾಲ್ಕನ್ನು ಸೇರಿತು. ಅದೇ ವರ್ಷ, ಮೊದಲ ಶ್ರೇಯಾಂಕದವರ ಎದುರು ಹದಿನಾರನೆಯವರು 135 ಬಾರಿ ಸೋತ ಮೇಲೆ, ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಬಾಲ್ಟಿಮೋರ್ ಕೌಂಟಿ ಶಾಖೆಯು ವರ್ಜೀನಿಯವನ್ನು 74-54ರಿಂದ ಸೋಲಿಸಿ ಮೊದಲ ಬಾರಿಗೆ ಆ ಗೋಡೆಯನ್ನು ಒಡೆಯಿತು.

ನಮ್ಮಲ್ಲಿಯೂ ಇದಕ್ಕೆ ಸರಿಜೋಡಿ ಇದೆ. 2010-11ರ ರಣಜಿಯಲ್ಲಿ ರಾಜಸ್ಥಾನವು ಕೆಳವರ್ಗವಾದ ಪ್ಲೇಟ್ ವಿಭಾಗದಲ್ಲಿತ್ತು. ಅಲ್ಲಿ ಹೈದರಾಬಾದನ್ನು 21 ರನ್ನುಗಳಿಗೆ ಉರುಳಿಸಿದಾಗ, "ಕೆಳವರ್ಗದ ಆಟ, ಅದಕ್ಕೇನು ಬೆಲೆ" ಎಂದವರಿದ್ದರು. ನಾಕೌಟ್ ಹಂತದಲ್ಲಿ ಅದು ಮುಂಬಯಿ, ತಮಿಳುನಾಡು, ಬರೋಡಾ ಮೂವರನ್ನೂ ಹಿಂದಿಕ್ಕಿ ಟ್ರೋಫಿಯನ್ನೇ ಪಡೆಯಿತು, ಮರುವರ್ಷವೂ ಉಳಿಸಿಕೊಂಡಿತು. 2017ರ ಡಿಸೆಂಬರಿನಲ್ಲಿ ಕೋಲ್ಕತ್ತದ ಉಪಾಂತ್ಯ ಪಂದ್ಯದಲ್ಲಿ ಕರ್ನಾಟಕವನ್ನು 5 ರನ್ನುಗಳಿಂದ ಸೋಲಿಸಿದ ವಿದರ್ಭಕ್ಕೂ ಅದುವರೆಗೆ ಒಂದು ಪ್ರಶಸ್ತಿಯಿರಲಿಲ್ಲ.

ಹೀಗೆ ಮುನ್ಸೂಚನೆ ಕೆಲವೊಮ್ಮೆ ನಿಜವಾಗಿ ಕೆಲವೊಮ್ಮೆ ಸುಳ್ಳಾಗುವುದಾದರೆ, ಅದು ಒಳ್ಳೆಯದೋ ಕೆಟ್ಟದೋ ಎಂದು ತಿಳಿಯುವುದು ಹೇಗೆ? 1950ರಲ್ಲಿ ಗ್ಲೆನ್ ಬ್ರಯರ್ ಎಂಬ ಅಮೆರಿಕದ ಹವಾಮಾನ ಶಾಸ್ತ್ರಜ್ಞರು ಮಳೆಯ ಮುನ್ಸೂಚನೆಗಳನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವನ್ನು ಹೇಳಿದರು. ಸಂಭವವನ್ನು ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಯಾಗಿ ಮೊದಲೇ ಬರೆದಿಡಬೇಕು. ನಡೆದರೆ 1, ನಡೆಯದಿದ್ದರೆ 0 ಎಂದು ಹಿಡಿದು, ವ್ಯತ್ಯಾಸದ ವರ್ಗವನ್ನು ದಂಡವಾಗಿ ಬರೆದುಕೊಳ್ಳಬೇಕು. 0.7 ಎಂದವನ ತಂಡ ಗೆದ್ದರೆ ದಂಡ 0.09, ಸೋತರೆ 0.49. ಏನೂ ತಿಳಿಯದೆ ಎಲ್ಲಕ್ಕೂ 0.5 ಎನ್ನುವವನ ದಂಡ ಸದಾ 0.25. ಹಲವು ಪಂದ್ಯಗಳ ಸರಾಸರಿ ದಂಡವು ಅದಕ್ಕಿಂತ ಕಡಮೆಯಾದರೆ ಮಾತ್ರ ನಮ್ಮ ಲೆಕ್ಕಕ್ಕೆ ಬೆಲೆ.

ಈ ಅಳತೆಗೋಲಿನಿಂದ ಮುಂಬಯಿಯ ಕಾಲವನ್ನು ಅಳೆಯೋಣ. 1959-60ರಿಂದ 1973-74ರವರೆಗಿನ ಹದಿನೈದು ವರ್ಷ, ಪ್ರತಿ ವರ್ಷವೂ ಒಬ್ಬನು "ಮುಂಬಯಿಯೇ, ಸಂಶಯವಿಲ್ಲ" ಎಂದು 1 ಬರೆಯುತ್ತ ಬಂದ. ಇನ್ನೊಬ್ಬನು "ಬಹುಶಃ ಮುಂಬಯಿ" ಎಂದು 0.9 ಬರೆಯುತ್ತ ಬಂದ. ಮೊದಲಿನವನಿಗೆ ಹದಿನಾಲ್ಕು ವರ್ಷ ದಂಡವೇ ಇಲ್ಲ. ಹದಿನೈದನೆಯ ವರ್ಷ, ಬೆಂಗಳೂರಿನ ಪಂದ್ಯದಿಂದಾಗಿ, ಪೂರ್ತಿ 1. ಸರಾಸರಿ 0.067. ಎರಡನೆಯವನಿಗೆ ಹದಿನಾಲ್ಕು ವರ್ಷ 0.01ರಂತೆ, ಕೊನೆಯ ವರ್ಷ 0.81. ಸರಾಸರಿ 0.063.